ಗುರಿ ಕಾಣದ ಏರ್‌ಗನ್

(ಬಾನುಲಿ ಭಾಷಣ)

ಕೋವಿಯ ವಿಷಯವಾಗಿ ಮಾತನಾಡಲು ಕನ್ನಡದ ಮೇಷ್ಟರಿಗೆ ಏನು ಅಧಿಕಾರ ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನನಗೆ ಅಧಿಕಾರವೇನಾದರೂ ಇದ್ದರೆ ಅದು ಶಬ್ದದ ಮೇಲೆ ಮಾತ್ರ. ಗುಂಡಿನ ಶಬ್ದದ ಮೇಲಲ್ಲ, ಮಾತಿನ ಶಬ್ದದ ಮೇಲೆ. ಆದುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಕನ್ನಡದಲ್ಲಿ ‘ಕೋವಿ’ ಎಂದರೆ ಮೂಲತಃ ಕೊಳವೆ. ಒಳಗೆ ಟೊಳ್ಳಾಗಿ ಉದ್ದವಾಗಿರುವ ನಾಳಕ್ಕೆ ಸಲ್ಲುತ್ತಿದ್ದ ಆ ಮಾತು, ಮದ್ದುಗುಂಡುಗಳು ನಮ್ಮ ನಾಡಿಗೆ ಬಂದ ಮೇಲೆ ಬಂದೂಕಿಗೆ ಮೀಸಲಾಯಿತು. ‘ತುಪಾಕಿ’ ಎಂಬ ಇನ್ನೊಂದು ಮಾತಿದೆ. ಅದು ತುರ್ಕಿಯ ಮೂಲದ್ದು. ಬಾಯಿಂದ ಊದಿ ಹಕ್ಕಿಗಳನ್ನು ಹೊಡೆಯುವ ಊದುಗೊಳವೆ ಎಂಬುದು ಅದರ ಪೂರ್ವರೂಪದ ಅರ್ಥವೆಂದು ನಿರುಕ್ತಿಕಾರರು ಹೇಳುತ್ತಾರೆ. ಹೀಗೆ ನೋಡಿದರೆ ಈ ಎರಡು ಹೆಸರುಗಳಿಗೂ ನಿಜವಾದ ಹಕ್ಕುದಾರ ಮದ್ದಿನ ಬಂದೂಕಲ್ಲ. ಕೊಳವೆ ಮತ್ತು ಗಾಳಿ ಇವೆರಡನ್ನೇ ನಂಬಿ ಬಾಳುವ ಏರ್‌ಗನ್. ಇದನ್ನು ವಾಯುಬಂದೂಕು ಎಂದೋ ಗಾಳಿಕೋವಿ ಎಂದೋ ಕರೆಯಬಹುದು. ಆದರೆ ಅಂಗಡಿಗೆ ಹೋಗಿ ಹಾಗೆ ಕೇಳಿದವರನ್ನು ನಾನು ಕಂಡಿಲ್ಲ. ಏರ್‌ಗನ್ ಎಂದೇ ಕರೆಯೋಣ.

ಹೆಸರಿನ ಹಕ್ಕು ಇಷ್ಟು ದೊಡ್ಡದಾಗಿದ್ದರೂ ಈ ಆಯುಧದ ಚರಿತ್ರೆ ಬಹುಮಟ್ಟಿಗೆ ನಿರಾಸೆಯ ಚರಿತ್ರೆ. 1780ರ ಸುಮಾರಿನಲ್ಲಿ ಆಸ್ಟ್ರಿಯಾದ ಸೇನೆ ಗಿರಾಂಡೋನಿ ಎಂಬ ಕುಶಲಕರ್ಮಿ ನಿರ್ಮಿಸಿದ ಗಾಳಿಯ ಬಂದೂಕನ್ನು ಅಂಗೀಕರಿಸಿತು. ಅದರ ಹಿಂಬದಿಯ ದಿಮ್ಮಿಯೇ ಕಬ್ಬಿಣದ ಒಂದು ಗಾಳಿಬುರುಡೆ. ಹೊಗೆಯಿಲ್ಲ, ಮಳೆಯಲ್ಲಿ ಮದ್ದು ನೆನೆಯುವ ಭಯವಿಲ್ಲ, ಉಳಿದ ಸೈನಿಕರು ಒಂದು ಗುಂಡನ್ನು ತುಂಬಿ ಗಜದಿಂದ ಒತ್ತುವಷ್ಟರಲ್ಲಿ ಇದು ಇಪ್ಪತ್ತರಷ್ಟು ಗುಂಡುಗಳನ್ನು ಒಂದರ ಹಿಂದೊಂದು ಹಾರಿಸಬಲ್ಲುದು. ಕೇಳುವುದಕ್ಕೆ ಇಂದ್ರಜಾಲದಂತಿದೆ. ಆದರೆ ಆ ಬುರುಡೆಯನ್ನು ತುಂಬಿಸಲು ಕೈಪಂಪನ್ನು ಸುಮಾರು ಸಾವಿರದ ಐನೂರು ಸಲ ಒತ್ತಬೇಕಾಗಿತ್ತು! ಗಾಳಿಯನ್ನು ತಡೆಹಿಡಿಯುತ್ತಿದ್ದುದು ತೊಗಲಿನ ಬಿರಡೆ. ಅದು ಒಣಗಿತೆಂದರೆ ಕಟ್ಟಿಟ್ಟ ಗಾಳಿಯೆಲ್ಲ ಸೋರಿಹೋಗುತ್ತಿತ್ತು. ಯುದ್ಧಭೂಮಿಯಲ್ಲಿ ತೊಗಲನ್ನು ತೇವವಾಗಿಟ್ಟುಕೊಂಡು ಕೂರುವ ವ್ಯವಧಾನ ಯಾರಿಗಿದೆ? 1815ರ ಹೊತ್ತಿಗೆ ಆ ಬಂದೂಕುಗಳು ಉಗ್ರಾಣ ಸೇರಿದುವು. ಅಮೆರಿಕದ ಪಶ್ಚಿಮವನ್ನು ಶೋಧಿಸಲು 1803ರಲ್ಲಿ ಹೊರಟ ಲೂಯಿಸ್ ತನ್ನೊಡನೆ ಒಂದು ಗಾಳಿಬಂದೂಕನ್ನು ಒಯ್ದಿದ್ದ. ಅವನು ಅದನ್ನು ಮುಖ್ಯವಾಗಿ ಬಳಸಿದ್ದು ದಾರಿಯಲ್ಲಿ ಎದುರಾದ ಮೂಲನಿವಾಸಿಗಳ ಮುಂದೆ ಪ್ರದರ್ಶನಕ್ಕೆ. ನಂಬಿ ಯುದ್ಧ ಮಾಡುವುದಕ್ಕಿಂತ ನೋಡಿ ಬೆರಗಾಗುವುದಕ್ಕೆ ಹೆಚ್ಚು ತಕ್ಕ ಆಯುಧ ಅದು.

ಸಾಹಿತ್ಯದಲ್ಲಿ ಏರ್‌ಗನ್ನಿಗೆ ದೊರೆತ ಅತ್ಯಂತ ದೊಡ್ಡ ಪಾತ್ರಕ್ಕೂ ನಮ್ಮ ಬೆಂಗಳೂರಿಗೂ ಒಂದು ನಂಟಿದೆ ಎಂದರೆ ನಿಮಗೆ ಸೋಜಿಗವಾದೀತು. ಕಾನನ್ ಡಾಯ್ಲನ ಷರ್ಲಾಕ್ ಹೋಮ್ಸ್ ಪ್ರಪಾತದಲ್ಲಿ ಬಿದ್ದು ಸತ್ತನೆಂದು ಎಲ್ಲರೂ ತಿಳಿದಿದ್ದಾಗ, 1903ರಲ್ಲಿ ಪ್ರಕಟವಾದ ‘ಖಾಲಿ ಮನೆ’ಯ ಸಾಹಸದ ಕಥೆಯಲ್ಲಿ ಮರಳಿ ಬರುತ್ತಾನೆ. ಅವನನ್ನು ಕೊಲ್ಲಲು ಎದುರು ಮನೆಯಲ್ಲಿ ಹೊಂಚುಹಾಕುವ ಕರ್ನಲ್ ಸೆಬಾಸ್ಟಿಯನ್ ಮೋರನ್ ಹುಲಿಬೇಟೆಯಲ್ಲಿ ಹೆಸರಾದವನು. ಹೋಮ್ಸನ ದಾಖಲೆಯಂತೆ ಅವನು ‘ಬೆಂಗಳೂರು ಪಯೋನಿಯರ್ಸ್’ ಎಂಬ ದಳದಲ್ಲಿದ್ದವನು. ಅಂಥ ದಳ ಕಥೆಯಲ್ಲಿ ಮಾತ್ರ ಉಂಟು. ಅವನ ಕೈಯಲ್ಲಿದ್ದುದು ಕುರುಡನಾದ ಜರ್ಮನ್ ಕುಶಲಕರ್ಮಿಯೊಬ್ಬ ರಚಿಸಿದ, ಸದ್ದಿಲ್ಲದ, ಮಹಾಶಕ್ತಿಯ ಏರ್‌ಗನ್. ಗುರಿ ಕೂದಲೆಳೆಯಷ್ಟೂ ತಪ್ಪಲಿಲ್ಲ. ಗುಂಡು ತಲೆಗೇ ತಗುಲಿತು. ಆದರೆ ಆ ತಲೆ ಕಿಟಕಿಯ ಬಳಿ ಇರಿಸಿದ್ದ ಮೇಣದ ಬೊಂಬೆಯದು! ಜಗತ್ತಿನ ಕಥಾಸಾಹಿತ್ಯದಲ್ಲಿ ಗುರಿ ತಪ್ಪದ ಏರ್‌ಗನ್ನು ಇದೊಂದೇ ಎಂದು ನನ್ನ ಅನಿಸಿಕೆ. ಅದಕ್ಕೂ ಒದಗಿದ ಫಲ ಇಷ್ಟು.

ಇನ್ನು ನಾನು ಕಣ್ಣಾರೆ ಕಂಡ ಏರ್‌ಗನ್ನಿನ ಮಾತಿಗೆ ಬರುತ್ತೇನೆ. ಅದರ ತಯಾರಕರ ಹೆಸರನ್ನು ಹೇಳುವುದಿಲ್ಲ.

ನಮ್ಮದು ಕನಕಪುರ ತಾಲ್ಲೂಕಿನ ಕಾಡಂಚಿನ ಒಂದು ಹಳ್ಳಿ. ತಾತನ ಬಳಿ ಒಂದು ಕೇಪಿನ ಕೋವಿಯಿತ್ತು. ಬೆಳೆ ಕಾಯುವುದಕ್ಕೆಂದು ಸರ್ಕಾರ ಲೈಸನ್ಸು ಕೊಟ್ಟಿದ್ದ ನಾಡಕೋವಿ. ರಾಗಿ ತೆನೆಗಟ್ಟುವ ಕಾಲದಲ್ಲಿ ಅವರು ಅಟ್ಟಣೆಯ ಮೇಲೆ ಕುಳಿತು ಹಂದಿಗಳನ್ನು ಬೆದರಿಸುತ್ತಿದ್ದರು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ರಸೀತಿ ಪಡೆದು, ಮುಗಿದ ಮೇಲೆ ಹಿಂದಕ್ಕೆ ತರುವುದು ಈಗಲೂ ಹಳ್ಳಿಗಳಲ್ಲಿ ನಡೆದುಬಂದಿರುವ ಕ್ರಮ. ಕೊಡಗಿನವರ ಪುಣ್ಯ ಬೇರೆ. ಅಲ್ಲಿಯ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್‌ಪೊಳ್ದಿನ ದಿನ ಅವರು ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಬಯಲುಸೀಮೆಯವರಾದ ನಮಗೆ ಕೋವಿ ಎಂದರೆ ಒಂದು ಪುಸ್ತಕ, ಒಂದು ಮೊಹರು, ಒಂದು ರಸೀತಿ. ತಾತ 1968ರಲ್ಲಿ ತೀರಿಕೊಂಡರು. ಲೈಸನ್ಸನ್ನು ಹೆಸರಿಗೆ ಮಾಡಿಸಿಕೊಳ್ಳಲು ಮಕ್ಕಳಲ್ಲಿ ಒಬ್ಬರೂ ಓಡಾಡಲಿಲ್ಲ. ಕೋವಿ ಠಾಣೆಗೆ ಹೋದದ್ದು ಹಿಂತಿರುಗಲಿಲ್ಲ.

ಹಿರಿಯ ಮಗನಾದ ನಮ್ಮ ತಂದೆಯವರು ಬೆಂಗಳೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಬನಶಂಕರಿ ಎರಡನೆಯ ಹಂತದಲ್ಲಿ ಅವರಿಗೆ ಮೂವತ್ತು ನಲವತ್ತರ ನಿವೇಶನ ದೊರಕಿತು. ನಗರಾಭಿವೃದ್ಧಿಯ ಹೊಣೆ ಆಗಿನ್ನೂ ಸಿ.ಐ.ಟಿ.ಬಿ.ಯದು, ಬಿ.ಡಿ.ಎ. ಹುಟ್ಟಿದ್ದು 1976ರಲ್ಲಿ. ಇಂದು ದೇವೇಗೌಡ ಪೆಟ್ರೋಲ್ ಬಂಕಿನ ಬಳಿ ರಸ್ತೆ ದಾಟಲು ಕಾಲು ಗಂಟೆ ಕಾಯುವವರು ನಂಬುವುದಿಲ್ಲ: ಕದಿರೇನಹಳ್ಳಿಯ ಕಡೆ ಆಗ ರಾಗಿಯ ಹೊಲಗಳಿದ್ದುವು. ಅವರೆಯ ಸಾಲುಗಳಿದ್ದುವು. ಬನಶಂಕರಿ ಅಮ್ಮನವರ ಗುಡಿ ಕಟ್ಟಿದ್ದು 1915ರಲ್ಲಿ. ನಮ್ಮ ತಂದೆ ಮನೆ ಕಟ್ಟುವ ಕಾಲಕ್ಕೂ ಆ ಗುಡಿಯಿಂದಾಚೆ ಕನಕಪುರದ ರಸ್ತೆ ಹಳ್ಳಿಯ ರಸ್ತೆಯೇ ಆಗಿತ್ತು. ಊರನ್ನು ಬಿಟ್ಟು ಬಂದವರು ಊರಿಗೆ ಹೋಗುವ ದಾರಿಯ ಮೇಲೆಯೇ ಮನೆ ಮಾಡಿದರು ಎಂದು ನನಗೆ ಈಗ ಅನ್ನಿಸುತ್ತದೆ. ಮನೆಯ ಹಿಂದೆ ಎರಡು ತೆಂಗು, ಒಂದು ಸೀಬೆ, ನಾಲ್ಕು ಬಾಳೆ, ತಾಯಿಯವರ ತೊಂಡೆ ಚಪ್ಪರ. ಹೆಗ್ಗಣಗಳ ಕಾಟ ಸಾಲದೆಂಬಂತೆ ಕೋತಿಗಳ ಹಿಂಡು ಬೇರೆ ಬರುತ್ತಿತ್ತು.

1975ರಲ್ಲಿ ತಂದೆಯವರು ಏರ್‌ಗನ್ ಕೊಂಡರು. ಸಂಬಳದ ಮೂರರಲ್ಲೊಂದು ಪಾಲು ಅದಕ್ಕೆ ಹೋಯಿತು. ತಾಯಿಯವರು, “ಕೋತೀಗೆ ಪಟಾಕಿ ಹೊಡೆದರೆ ಸಾಲದೇನ್ರೀ?” ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಬರಲಿಲ್ಲ. 1959ರ ಶಸ್ತ್ರ ಕಾಯಿದೆ 1962ರಲ್ಲಿ ಜಾರಿಗೆ ಬಂದಾಗ ಸಾಮಾನ್ಯ ಏರ್‌ಗನ್ನುಗಳನ್ನು ಲೈಸನ್ಸಿನ ಕಟ್ಟಿನಿಂದ ಹೊರಗಿಟ್ಟಿದ್ದರು. ಠಾಣೆಗೆ ಹೋಗಬೇಕಾಗಿಲ್ಲ, ಚುನಾವಣೆಗೆ ಒಪ್ಪಿಸಬೇಕಾಗಿಲ್ಲ, ಯಾರೂ ಕಿತ್ತುಕೊಳ್ಳಲಾರರು. ಕೋತಿ ಒಂದು ನೆಪವೇ ಇರಬೇಕು. ಹೊಲವಿಲ್ಲದ ಮನೆಯಲ್ಲಿ, ಬೆಳೆಯಿಲ್ಲದೆಯೇ, ತಾತನ ಕೋವಿಯ ಜಾಗದಲ್ಲಿ ಏನಾದರೊಂದನ್ನು ಗೋಡೆಗೆ ನೇತುಹಾಕಬೇಕೆಂಬ ಆಸೆ ಅವರಿಗಿತ್ತು. ಮೊಳೆ ಹೊಡೆದದ್ದು ತಾತನ ಪಟದ ಕೆಳಗೆ.

ಆ ಯಂತ್ರದ ಗುಟ್ಟನ್ನು ಸ್ವಲ್ಪ ಹೇಳಬೇಕು. ಪಂಪ್ ಸ್ಟೌವಿನಲ್ಲಿ ಅಡಿಗೆ ಮಾಡಿದ ಮನೆಗಳವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ನಳಿಗೆಯನ್ನು ಮುರಿದಂತೆ ಕೆಳಕ್ಕೆ ಬಗ್ಗಿಸಿದರೆ ಒಳಗೆ ದಪ್ಪನೆಯ ಸ್ಪ್ರಿಂಗು ಹಿಂದಕ್ಕೆ ಒತ್ತಿಕೊಂಡು ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ನಳಿಗೆಯ ಹಿಂಬಾಯಲ್ಲಿ ಸೀಸದ ಪುಟ್ಟ ಗುಂಡನ್ನಿಟ್ಟು ಮುಚ್ಚುತ್ತೇವೆ. ಕುದುರೆ ಎಳೆದೊಡನೆ ಸ್ಪ್ರಿಂಗು ಒಂದು ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ. ಎದುರಿಗಿರುವ ಗಾಳಿ ಹಿಂಡಿಕೊಂಡು ಗುಂಡನ್ನು ಹೊರದೂಡುತ್ತದೆ. ಪಿಸ್ಟನ್ನಿನ ತಲೆಗೆ ತೊಗಲಿನ ವಾಷರು, ಸ್ಟೌವಿನ ಪಂಪಿಗಿದ್ದಂಥದೇ. ಸ್ಟೌವಿನ ವಾಷರು ಒಣಗಿದಾಗ ತಾಯಂದಿರು ಕೊಬ್ಬರಿಎಣ್ಣೆ ಸವರುತ್ತಿದ್ದರಷ್ಟೆ. ಇಲ್ಲಿಯೂ ಅದೇ ಸಂಸಾರ. ಎಣ್ಣೆ ಕಡಮೆಯಾದರೆ ಗಾಳಿ ಸೋರಿ ಗುಂಡು ಹತ್ತು ಮಾರು ದೂರದಲ್ಲಿ ಬಿದ್ದುಹೋಗುತ್ತದೆ. ಹೆಚ್ಚಾದರೆ ಹಿಂಡಿದ ಗಾಳಿಯ ಬಿಸಿಗೆ ಎಣ್ಣೆಯೇ ಹೊತ್ತಿಕೊಂಡು ಡೀಸೆಲ್ ಎಂಜಿನ್ನಿನಂತೆ ಢಮ್ಮೆಂದು ಹೊಗೆ ಬರುತ್ತದೆ. ಹೊಗೆ ಬಂದ ದಿನ ತಂದೆಯವರ ಮುಖದಲ್ಲಿ ಒಂದು ಗೆಲವು ಕಾಣುತ್ತಿತ್ತು. ಕೇಪಿನ ಕೋವಿಯ ನೆನಪಾಗುತ್ತಿದ್ದಿರಬೇಕು.

ಗುಂಡೂ ಒಂದು ತೊಡಕು. ಅದು ಉಂಡೆಯಲ್ಲ, ಡಮರುಗದಂತೆ ನಡು ಸಣ್ಣಗಿದ್ದು ಹಿಂಭಾಗ ಟೊಳ್ಳು. ಗಾಳಿ ಆ ಟೊಳ್ಳಿನ ಅಂಚನ್ನು ಅರಳಿಸಿ ನಳಿಗೆಯ ಒಳಗೋಡೆಗೆ ಅಂಟಿಸಬೇಕು. ನಮಗೆ ದೊರೆಯುತ್ತಿದ್ದ ಡಬ್ಬಿಗಳಲ್ಲಿ ಒಂದರ ಅಂಚು ಚಪ್ಪಟೆಯಾಗಿದ್ದರೆ ಇನ್ನೊಂದಕ್ಕೆ ಎರಕದ ಗಂಟು. ತಾಯಿಯವರು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಮೊರದಲ್ಲಿಯೇ ತಂದೆಯವರು ಗುಂಡುಗಳನ್ನು ಹರಡಿಕೊಂಡು ಆರಿಸುತ್ತಿದ್ದರು. ನೂರಕ್ಕೆ ಇಪ್ಪತ್ತು ಉಳಿದರೆ ಹೆಚ್ಚು.

ಎಲ್ಲಕ್ಕಿಂತ ವಿಚಿತ್ರವಾದದ್ದು ಇದರ ಒದೆತ. ಮದ್ದಿನ ಕೋವಿ ಹಿಂದಕ್ಕೆ ಒಂದೇ ಸಲ ಒದೆಯುತ್ತದೆ. ಆದುದರಿಂದ ಅದನ್ನು ಭುಜಕ್ಕೆ ಬಿಗಿಯಾಗಿ ಒತ್ತಿ ಹಿಡಿಯಬೇಕೆಂದು ತಾತ ಕಲಿಸಿದ್ದರು. ಸ್ಪ್ರಿಂಗಿನ ಏರ್‌ಗನ್ ಎರಡು ಸಲ ಜಗ್ಗುತ್ತದೆ. ಸ್ಪ್ರಿಂಗು ಮುಂದಕ್ಕೆ ಚಿಮ್ಮಿದಾಗ ಬಂದೂಕು ಹಿಂದಕ್ಕೆ. ಪಿಸ್ಟನ್ನು ಮುಂದೆ ಹೋಗಿ ತಡೆದಾಗ ಬಂದೂಕು ಮುಂದಕ್ಕೆ. ಗುಂಡು ನಳಿಗೆಯನ್ನು ಬಿಡುವ ಮೊದಲೇ ಈ ತೂಗಾಟ ಶುರುವಾಗಿರುತ್ತದೆ. ಬಿಗಿಯಾಗಿ ಹಿಡಿದಷ್ಟೂ ಗುರಿ ಕೆಡುತ್ತದೆ. ಅಂಗೈಯ ಮೇಲೆ ಸುಮ್ಮನೆ ಮಲಗಿಸಿ, ಅದು ಹೇಗೆ ಬೇಕಾದರೂ ಹೊರಳಲಿ ಎಂದು ಬಿಟ್ಟರೆ ನೆಟ್ಟಗೆ ಹೊಡೆಯುತ್ತದೆ. ಇದು ಬಲ್ಲವರ ಮಾತು; ಆದರೆ ಪೆಟ್ಟಿಗೆಯ ಜೊತೆ ಬಂದಿದ್ದ ಕಾಗದದಲ್ಲಿ ಈ ಒಂದು ಮಾತನ್ನು ಬರೆದಿರಲಿಲ್ಲ. ಅಟ್ಟಣೆಯ ಮೇಲೆ ಕಲಿತ ವಿದ್ಯೆಯನ್ನು ತಂದೆಯವರು ನಿಷ್ಠೆಯಿಂದ ಪಾಲಿಸಿದರು. ಆ ನಿಷ್ಠೆಯೇ ಅವರಿಗೆ ಇದಿರಾಯಿತು.

ಅಷ್ಟೇ ಆಗಿದ್ದರೆ ಸರಿಹೋಗುತ್ತಿತ್ತು. ನಮ್ಮ ಬಂದೂಕಿನ ನಳಿಗೆ ಬಗ್ಗುವ ಕೀಲಿನಲ್ಲಿ ಮೊದಲ ವರ್ಷದಲ್ಲೇ ಸಡಿಲು ಬಂತು. ಒಂದು ದಿನ ಗುಂಡು ಎಡಕ್ಕೆ ಎರಡು ಬೆರಳು ಹೋಯಿತೆಂದು ನೋಟವನ್ನು ಬಲಕ್ಕೆ ಸರಿಸಿದರೆ ಮರುದಿನ ಬಲಕ್ಕೇ ಮೂರು ಬೆರಳು. ನಾನು ಜ್ಞಾನಭಾರತಿಯಲ್ಲಿ ಎಂ.ಎ. ಓದುವಾಗ ಗ್ರಂಥಸಂಪಾದನೆಯ ಪಾಠ ಕೇಳುತ್ತ ಈ ಬಂದೂಕನ್ನು ನೆನೆದದ್ದುಂಟು. ಓಲೆಗರಿಯ ಒಂದು ಪ್ರತಿಯಿಂದ ಇನ್ನೊಂದು, ಅದರಿಂದ ಮತ್ತೊಂದು ಎಂದು ಬರೆಯುತ್ತ ಹೋದಂತೆ ಲಿಪಿಕಾರರ ತಪ್ಪುಗಳು ಕೂಡುತ್ತ ಹೋಗುತ್ತವೆ. ಜರ್ಮನಿಯ ರಾಷ್ಟಾಟ್ ಎಂಬ ಊರಿನಲ್ಲಿ 1890ರಲ್ಲಿ ಹುಟ್ಟಿದ ‘ಡಯಾನಾ’ ಕಾರ್ಖಾನೆ, ರೋಮನರ ಬೇಟೆಯ ದೇವತೆಯ ಹೆಸರಿನದು, ಏರ್‌ಗನ್ನುಗಳಿಗೆ ಲೋಕಪ್ರಸಿದ್ಧ. ಎರಡನೆಯ ಮಹಾಯುದ್ಧದ ನಂತರ ಅದರ ಯಂತ್ರಗಳೂ ಹೆಸರೂ ಬ್ರಿಟನ್ನಿಗೆ ಹೋದುವು. ಕೆಲವು ವರ್ಷಗಳಲ್ಲಿ ಜರ್ಮನರು ಮತ್ತೆ ತಯಾರಿಕೆ ಆರಂಭಿಸಿದರು. ಹೀಗೆ ಬಹುಕಾಲ ಇಬ್ಬರು ಡಯಾನಾಗಳಿದ್ದರು. ನಮ್ಮ ದೇಶದ ಎಷ್ಟೋ ಏರ್‌ಗನ್ನುಗಳು ಈ ಮಾದರಿಗಳನ್ನು ಮುಂದಿಟ್ಟುಕೊಂಡು ಮಾಡಿದವು. ಮೂಲ ಯಾವುದು, ಪ್ರತಿ ಯಾವುದು, ಪ್ರತಿಯ ಪ್ರತಿ ಯಾವುದು? ಓಲೆಯ ಕೊನೆಯಲ್ಲಿ ಲಿಪಿಕಾರ, ತಪ್ಪಿದ್ದರೆ ತಿದ್ದಿಕೊಂಡು ಓದಿ ಎಂದು ವಿನಯದಿಂದ ಬೇಡಿಕೊಳ್ಳುತ್ತಾನೆ. ನಮ್ಮ ಬಂದೂಕಿನ ತಯಾರಕರಿಗೆ ಆ ವಿನಯವೂ ಇರಲಿಲ್ಲ.

ತಂದೆಯವರು ಅವರಿಗೆ ಪತ್ರ ಬರೆದರು. ಕಚೇರಿಯ ಇಂಗ್ಲಿಷಿನಲ್ಲಿ, ಉಲ್ಲೇಖ ಸಂಖ್ಯೆಯೊಡನೆ, ಕಾರ್ಬನ್ ಪ್ರತಿ ಇಟ್ಟುಕೊಂಡು. ಮೂರು ವರ್ಷದಲ್ಲಿ ಹನ್ನೊಂದು ಪತ್ರಗಳು. ಮೊದಲನೆಯದರಲ್ಲಿ ‘ದಯಮಾಡಿ’ ಎಂಬ ಮಾತು ನಾಲ್ಕು ಸಲ ಬರುತ್ತದೆ, ಏಳನೆಯದರ ಹೊತ್ತಿಗೆ ಒಂದು, ಆಮೇಲೆ ಇಲ್ಲ. ಎರಡು ಪತ್ರಗಳಿಗೆ ಉತ್ತರ ಬಂತು. ಒಂದು, ಸಕಾಲದಲ್ಲಿ ಎಣ್ಣೆ ಹಾಕಿರಿ ಎಂಬ ಅಚ್ಚು ಹಾಕಿದ ಕಾರ್ಡು. ಇನ್ನೊಂದು, ಒಂದು ಹೊಸ ವಾಷರು; ಅಳತೆ ಬೇರೆ. ಸ್ಪ್ರಿಂಗಿಗಾಗಿ ಎಸ್.ಪಿ. ರಸ್ತೆಯ ಹಳೆಯ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿದೆವು. ಕೊನೆಗೆ ಯಡಿಯೂರು ಕೆರೆಯ ಕಡೆಯಿದ್ದ ಚಮ್ಮಾರರೊಬ್ಬರು ಎಮ್ಮೆಯ ತೊಗಲಿನಲ್ಲಿ ಒಂದು ವಾಷರು ಕತ್ತರಿಸಿ ಎಣ್ಣೆಯಲ್ಲಿ ನೆನೆಹಾಕಿ ಕೊಟ್ಟರು. ಕಾರ್ಖಾನೆಯ ಮೂರು ವಾಷರುಗಳಿಗಿಂತ ಅದೊಂದೇ ಹೆಚ್ಚು ಬಾಳಿತು.

ಊರಿಂದ ಚಿಕ್ಕಪ್ಪನವರು ಒಮ್ಮೆ ಬಂದಿದ್ದರು. ಗೋಡೆಯ ಮೇಲಿದ್ದುದನ್ನು ಇಳಿಸಿ, ಬಗ್ಗಿಸಿ, ಆಕಾಶಕ್ಕೊಂದು ಹಾರಿಸಿ, ಆ ಸಣ್ಣ ಸದ್ದನ್ನು ಕೇಳಿ ನಕ್ಕುಬಿಟ್ಟರು. “ಇದೇನಣ್ಣಾ, ಮಕ್ಕಳ ಪೀಪಿನಾ? ಅಪ್ಪನ ಕೋವಿ ಇದ್ದಿದ್ರೆ...” ಎಂದು ಅರ್ಧಕ್ಕೆ ನಿಲ್ಲಿಸಿದರು. ಆ ಕೋವಿ ಹೇಗೆ ಹೋಯಿತೆಂಬುದು ಇಬ್ಬರಿಗೂ ಗೊತ್ತಿತ್ತು. ತಂದೆಯವರು ಬಂದೂಕನ್ನು ತಿರುಗಿ ಮೊಳೆಗೆ ಹಾಕಿ, “ಊಟಕ್ಕೇಳಪ್ಪ” ಎಂದರು. ಅಂದು ರಾತ್ರಿ ಮುದ್ದೆ ಮುರಿಯುವಾಗ ಇಬ್ಬರೂ ಮಾತಾಡಲಿಲ್ಲ. ಸಹೃದಯರೇ, ಕೆಟ್ಟ ಸರಕನ್ನು ಕೊಂಡವನ ಸಂಕಟ ಹಣ ಹೋಯಿತೆಂಬುದರಲ್ಲಿ ಮುಗಿಯುವುದಿಲ್ಲ. ಅವನು ಆ ಸರಕಿನ ಮೇಲೆ ಬೇರೆ ಏನನ್ನೋ ಹೇರಿರುತ್ತಾನೆ. ತೂಗುವವರ ತಕ್ಕಡಿಗೆ ಅದು ಸಿಕ್ಕುವುದಿಲ್ಲ.

ಆದರೆ ಒಂದು ದಿನ ಆ ಬಂದೂಕು ತನ್ನ ಯಜಮಾನನಿಗೆ ಋಣ ತೀರಿಸಿತು, ಅದೂ ತಾನು ಮನೆಯ ಗೋಡೆಯ ಮೇಲಿದ್ದುಕೊಂಡೇ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ದೊಡ್ಡ ಬಸವಣ್ಣನ ಗುಡಿಯ ರಸ್ತೆಯಲ್ಲಿ ಹಸಿ ಕಾಯಿಯ ರಾಶಿಗಳ ನಡುವೆ ಬಲೂನು ಹೊಡೆಯುವ ಅಂಗಡಿಗಳಿರುತ್ತವೆ, ಈಗಲೂ ಇವೆ. ಹಲಗೆಯ ಮೇಲೆ ಬಣ್ಣದ ಬಲೂನುಗಳು, ಮೇಜಿನ ಮೇಲೆ ಎರಡು ಹಳೆಯ ಏರ್‌ಗನ್ನುಗಳು. ಆ ಬಂದೂಕುಗಳ ನೋಟ ಎಷ್ಟು ಓರೆ ಎಂಬುದು ಅಂಗಡಿಯವನಿಗೆ ಮಾತ್ರ ಗೊತ್ತು. ನೇರವಾಗಿ ಗುರಿಯಿಟ್ಟವನು ನೇರವಾಗಿ ಸೋಲುತ್ತಾನೆ. ತಂದೆಯವರು ಮೊದಲ ಗುಂಡನ್ನು ಯಾವ ಬಲೂನಿಗೂ ಅಲ್ಲದೆ ಹಲಗೆಯ ಮೇಲಿದ್ದ ಒಂದು ಮೊಳೆಯ ಕಡೆಗೆ ಬಿಟ್ಟು, ತೂತು ಎಲ್ಲಿ ಬಿತ್ತೆಂದು ಕಣ್ಣು ಕಿರಿದುಮಾಡಿ ನೋಡಿದರು. ಎರಡನೆಯದೂ ಹಾಗೆಯೇ. ಅನಂತರ ಬಲೂನನ್ನು ಬಿಟ್ಟು ಅದರ ಪಕ್ಕದ ಬರಿಯ ಜಾಗಕ್ಕೆ ಗುರಿಯಿಟ್ಟು ಹೊಡೆಯುತ್ತ ಹೋದರು. ಎಂಟು ಗುಂಡಿಗೆ ಏಳು ಬಲೂನು! ಜನ ಸೇರಿತು. ಅಂಗಡಿಯವನು ಕೈಮುಗಿದು, “ಯಜಮಾನ್ರೇ, ಇನ್ನು ಸಾಕು ಬುಡಿ” ಎಂದ. ಮೂರು ವರ್ಷ ಒಂದು ಡೊಂಕು ನಳಿಗೆಯೊಡನೆ ಬಾಳಿದವರಿಗೆ ಇನ್ನೊಂದರ ಡೊಂಕನ್ನು ಓದುವುದು ಕಷ್ಟವಾಗಲಿಲ್ಲ. ಬಹುಮಾನವಾಗಿ ಬಂದ ಪ್ಲಾಸ್ಟಿಕ್ ಬಾಚಣಿಗೆಯನ್ನು ತಾಯಿಯವರು ಬಹಳ ಕಾಲ ಬಳಸಿದರು.

ಏರ್‌ಗನ್ನಿನ ಕಥೆ ಹೇಳಿ ಸಲೀಂ ಅಲಿಯವರನ್ನು ನೆನೆಯದಿರುವುದು ಸಾಧ್ಯವಿಲ್ಲ. 1896ರಲ್ಲಿ ಹುಟ್ಟಿದ ಅವರಿಗೆ ಹುಡುಗನಾಗಿದ್ದಾಗ ಸೋದರಮಾವ ಒಂದು ‘ಡೈಸಿ’ ಏರ್‌ಗನ್ ಕೊಟ್ಟಿದ್ದರು. ಅಮೆರಿಕದ ಆ ಕಂಪೆನಿ ಮೊದಲು ಗಾಳಿಯಂತ್ರಗಳನ್ನು ಮಾರುತ್ತಿದ್ದದ್ದು. ಗಾಳಿಯಂತ್ರ ಕೊಂಡ ರೈತರಿಗೆ ಕಾಣಿಕೆಯಾಗಿ ಕೊಡುತ್ತಿದ್ದ ಆಟಿಕೆಯೇ ಕೊನೆಗೆ ಅದರ ಮುಖ್ಯ ವ್ಯಾಪಾರವಾಯಿತು. ಹುಡುಗ ಹೊಡೆದ ಗುಬ್ಬಿಯ ಕೊರಳಲ್ಲಿ ಹಳದಿ ಕಲೆಯಿತ್ತು. ಇದು ಯಾವ ಗುಬ್ಬಿ ಎಂದು ಕೇಳಲು ಅವರನ್ನು ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿ ಮಿಲ್ಲಾರ್ಡ್ ಎಂಬವರು ಪೆಟ್ಟಿಗೆಗಳನ್ನು ತೆರೆದು ಹಕ್ಕಿಗಳ ಲೋಕವನ್ನೇ ತೋರಿಸಿದರು. 1985ರಲ್ಲಿ ಪ್ರಕಟವಾದ ಆತ್ಮಕಥೆಗೆ ಸಲೀಂ ಅಲಿ ಆ ಗುಬ್ಬಿಯ ಪತನದ ಹೆಸರನ್ನೇ ಇಟ್ಟರು. ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳನ್ನು 1939-40ರಲ್ಲಿ ಸಮೀಕ್ಷೆ ಮಾಡಿದವರೂ ಅವರೇ. ಬೇಡನ ಬಾಣದಿಂದ ಬಿದ್ದ ಕ್ರೌಂಚವನ್ನು ಕಂಡು ಆದಿಕವಿಗೆ ಕಾವ್ಯ ಹೊರಟಿತೆಂಬ ಕಥೆಯನ್ನು ನಾವು ತರಗತಿಗಳಲ್ಲಿ ಎಷ್ಟು ಸಲ ಹೇಳಿದ್ದೇವೆ! ಆ ಕಥೆಯಲ್ಲಿ ಹೊಡೆದವನು ಒಬ್ಬ, ನೊಂದವನು ಇನ್ನೊಬ್ಬ. ಇಲ್ಲಿ ಇಬ್ಬರೂ ಒಬ್ಬನೇ ಹುಡುಗ. ಇದರಿಂದ ಗುಬ್ಬಿ ಹೊಡೆಯುವುದಕ್ಕೆ ಸಮರ್ಥನೆ ದೊರೆಯಿತೆಂದು ಯಾರೂ ತಿಳಿಯಬಾರದು. ಏರ್‌ಗನ್ ಹಿಡಿದ ಸಾವಿರ ಹುಡುಗರಲ್ಲಿ ಸಲೀಂ ಅಲಿ ಆದವನು ಒಬ್ಬ. ಉಳಿದ ಹಕ್ಕಿಗಳು ಸುಮ್ಮನೆ ಸತ್ತುವು.

ಇಷ್ಟೆಲ್ಲ ಕೇಳಿದ ಮೇಲೆ ಏರ್‌ಗನ್ ಎಂದರೆ ಮೋಸವೆಂದು ನೀವು ತೀರ್ಮಾನಿಸಬಹುದು. ಅದೂ ಸರಿಯಲ್ಲ. 2008ರ ಆಗಸ್ಟಿನಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಭಾರತಕ್ಕೆ ಒಲಿಂಪಿಕ್ಸಿನ ಮೊದಲ ವೈಯಕ್ತಿಕ ಚಿನ್ನವನ್ನು ತಂದದ್ದು ಏರ್ ರೈಫಲಿನಿಂದಲೇ. ಹತ್ತು ಮೀಟರ್ ದೂರದ ಆ ಗುರಿಪಟದ ನಡುಚುಕ್ಕೆಯ ಅಗಲ ಅರ್ಧ ಮ್ಯಾಲಿಮೀಟರ್. ಅದರತ್ತ ಹೊರಡುವ ಗುಂಡಿನ ಅಗಲವೇ ನಾಲ್ಕೂವರೆ ಮಿಲಿಮೀಟರ್. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪನವರು 2014ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ಈ ಆಯುಧಗಳಲ್ಲಿ ಸ್ಪ್ರಿಂಗಿಲ್ಲ. ಮೊದಲೇ ಒತ್ತಡದಲ್ಲಿ ತುಂಬಿಟ್ಟ ಗಾಳಿ, ಒಂದು ಗುಕ್ಕು ಬಿಡುವ ಕವಾಟ, ಒದೆತ ಇಲ್ಲವೆಂಬಷ್ಟು ಕಡಮೆ. ಯೋಚಿಸಿ ನೋಡಿದರೆ ಇದು ಆ ಗಿರಾಂಡೋನಿಯ ತತ್ವವೇ. ಇನ್ನೂರು ವರ್ಷದ ಮೇಲೆ, ತೊಗಲಿನ ಜಾಗಕ್ಕೆ ಒಳ್ಳೆಯ ಬಿರಡೆ ಬಂದ ಮೇಲೆ, ಅವನು ಆಡಿದ ಮಾತು ನಿಜವಾಗಿದೆ. ಅವುಗಳ ಬೆಲೆಯನ್ನು ಮಾತ್ರ ನಿವೃತ್ತಿವೇತನದವರು ಕೇಳಬಾರದು.

ಈಗಿನ ಮಾತು ಒಂದಿದೆ. ತಂದೆಯವರು 1998ರಲ್ಲಿ ತೀರಿಕೊಂಡರು. ಅದೇ ಮನೆಯಲ್ಲಿ ನಾನಿದ್ದೇನೆ. ಸುತ್ತಲೂ ನಾಲ್ಕಂತಸ್ತಿನ ಕಟ್ಟಡಗಳು ಎದ್ದಿವೆ. ಕೋತಿಗಳು ಇಂದಿಗೂ ಬರುತ್ತವೆ, ಸೀಬೆಯ ಮರಕ್ಕಲ್ಲ, ಅಡಿಗೆಮನೆಯ ಕಿಟಕಿಗೆ. ಪಾರಿವಾಳಗಳಂತೂ ಹೇಳತೀರದು. ಕೆಲವು ತಿಂಗಳ ಹಿಂದೆ ಎದುರು ಕಟ್ಟಡದ ಮಹನೀಯರೊಬ್ಬರು ಬಂದು, “ಮೇಷ್ಟ್ರೇ, ನಿಮ್ಮಲ್ಲಿ ಏರ್‌ಗನ್ ಇದೆಯಂತಲ್ಲ, ಎರಡು ದಿನ ಕೊಡಿ. ಒಂದೆರಡು ಪಾರಿವಾಳ ಬಿದ್ದರೆ ಉಳಿದವು ಈ ಕಡೆ ತಲೆಹಾಕೋಲ್ಲ” ಎಂದರು. ನಾನು ಕೊಡಲಿಲ್ಲ. ಪ್ರಾಣಿಹಿಂಸೆಯನ್ನು ತಡೆಯಲು 1960ರ ಕಾಯಿದೆಯಿದೆ, ವನ್ಯಜೀವಿಗಳಿಗೆ 1972ರದ್ದಿದೆ ಎಂದು ಹೇಳಿದೆ. ಅವರು, “ಇದಕ್ಕೆ ಲೈಸನ್ಸೇ ಬೇಡವಲ್ಲ ಸಾರ್” ಎಂದರು. ನಿಜವೇ. 2016ರ ಶಸ್ತ್ರ ನಿಯಮಗಳ ಪ್ರಕಾರವೂ ನಳಿಗೆಯ ಬಾಯಿ ನಾಲ್ಕೂವರೆ ಮಿಲಿಮೀಟರನ್ನೂ ಶಕ್ತಿ ಇಪ್ಪತ್ತು ಜೌಲನ್ನೂ ಮೀರದಿದ್ದರೆ ಲೈಸನ್ಸು ಬೇಕಿಲ್ಲ. ಆದರೆ ಅರ್ಧ ಗ್ರಾಮಿನ ಸೀಸ ಸೆಕೆಂಡಿಗೆ ಇನ್ನೂರು ಮೀಟರ್ ವೇಗದಲ್ಲಿ ಹೊರಟರೆ ಹತ್ತು ಜೌಲ್ ಆಗುತ್ತದೆ. ಕಣ್ಣೊಂದನ್ನು ಕಳೆಯಲು ಅಷ್ಟು ಬೇಕಾಗಿಲ್ಲ. ಪಾರಿವಾಳಕ್ಕೆ ಇಟ್ಟ ಗುರಿ ಪಾರಿವಾಳಕ್ಕೆ ತಗುಲುವುದಿಲ್ಲ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದರ ಹಿಂದಿನ ಬಾಲ್ಕನಿಯಲ್ಲಿ ಬಟ್ಟೆ ಒಣಗಹಾಕುತ್ತಿರುವವರಿಗೆ ತಗುಲುವುದಿಲ್ಲವೆಂದು ಹೇಳಲಾರೆ. ಗುರಿ ತಪ್ಪುವ ಬಂದೂಕನ್ನು ನಿರಪಾಯವೆಂದು ತಿಳಿಯುವವರು ಬಹಳ ಮಂದಿ. ಗುಂಡು ಎಲ್ಲಾದರೂ ಒಂದು ಕಡೆ ಹೋಗಿ ತಗುಲಲೇಬೇಕಷ್ಟೆ. ಅವರು ಕೊನೆಗೆ ಬಲೆ ಹಾಕಿಸಿದರು.

ಆದರೆ ಆ ಪ್ರಸಂಗದಿಂದ ಬಂದೂಕು ಅಟ್ಟದಿಂದ ಕೆಳಗಿಳಿಯಿತು. ನಮ್ಮ ಬೀದಿಯ ಹುಡುಗಿಯೊಬ್ಬಳು ಕಾಲೇಜಿನಲ್ಲಿ ಓದುತ್ತ ರೈಫಲ್ ಅಭ್ಯಾಸ ಮಾಡುತ್ತಿದ್ದಾಳೆ. ಅವಳಿಗೆ ಅದನ್ನು ನೋಡುವ ಕುತೂಹಲ. ಹೊಸ ತೊಗಲಿನ ವಾಷರಿಗಾಗಿ ನಾನು ಎಸ್.ಪಿ. ರಸ್ತೆಗೆ ಹೋದಾಗ ಅಂಗಡಿಯ ಹುಡುಗ, “ಯಾವ ಸ್ಟೌವಿಗೆ ಸಾರ್?” ಎಂದು ಕೇಳಿದ, ಅಳತೆ ಹಿಡಿದು ನೋಡಿದರೆ ಸ್ಟೌವಿನದೇ ಸರಿಹೊಂದಿತು. ಹಿತ್ತಲ ಗೋಡೆಗೆ ಮರಳಿನ ಮೂಟೆಗಳನ್ನು ಒಟ್ಟಿ, ಯಾರೂ ಆ ಕಡೆ ಬಾರದಂತೆ ಬಾಗಿಲು ಹಾಕಿ, ಹತ್ತು ಹೆಜ್ಜೆಯ ದೂರದಲ್ಲಿ ಗುರಿಪಟದ ಕಾಗದವನ್ನು ನಿಲ್ಲಿಸಿದೆವು. ಅವಳು ಬಂದೂಕನ್ನು ಅಂಗೈಯ ಮೇಲೆ ಹೂವಿನಂತೆ ಸಡಿಲವಾಗಿ ಮಲಗಿಸಿಕೊಂಡು, ಉಸಿರು ನಿಲ್ಲಿಸಿ, ಐದು ಗುಂಡುಗಳನ್ನು ಬಿಟ್ಟಳು. ಐದು ತೂತುಗಳೂ ಒಂದು ಗೇಣಿನ ವಿಸ್ತಾರದಲ್ಲಿ ಚದರಿ ಬಿದ್ದುವು. ನಡುವಿನ ಕಪ್ಪಿನಲ್ಲಿ ಒಂದೂ ಇರಲಿಲ್ಲ. ಕಾಗದವನ್ನು ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, “ತಾತ, ಇದರಲ್ಲಿ ಯಾರು ಹೊಡೆದರೂ ಇಷ್ಟೇ. ನಿಮ್ಮ ತಂದೆಯವರ ಕೈಯಲ್ಲಿ ತಪ್ಪಿರಲಿಲ್ಲ” ಎಂದಳು.

ತಂದೆಯವರ ಕಡತ ನನ್ನ ಬಳಿ ಇದೆ. ಹನ್ನೊಂದು ಕಾರ್ಬನ್ ಪ್ರತಿಗಳು, ಒಂದು ಅಚ್ಚು ಕಾರ್ಡು. ಆ ಕಾಗದವನ್ನು ನಾಲ್ಕಾಗಿ ಮಡಿಸಿ, ತಾರೀಖು ಹಾಕಿ, ಅದೇ ಟ್ಯಾಗಿಗೆ ಪೋಣಿಸಿಟ್ಟಿದ್ದೇನೆ.